ಎವೆ ನುಡಿ ಮತ್ತು ಹೊನ್ನೂರಮ್ಮನ ಕಿವಿ

ಅಧ್ಯಕ್ಷತೆ ವಹಿಸಿರುವ ದೊಡ್ಡಬಸವರಾಜ ಅವರೇ, ವೇದಿಕೆಯ ಮೇಲಿನ ಹಿರಿಯರೇ, ಬಳ್ಳಾರಿಯ ಈ ಬಿಸಿಲಲ್ಲೂ ಭಾಷಾಶಾಸ್ತ್ರ ಕೇಳಲು ಬಂದಿರುವ ಧೈರ್ಯವಂತ ಸಭಿಕರೇ,

ಹೊರಗೆ ಒಗ್ಗಾಣಿ, ಮಿರ್ಚಿ ಸಿದ್ಧವಾಗಿರುವುದು ನಿಮಗೂ ಗೊತ್ತು, ನನಗೂ ಗೊತ್ತು. ಬೇಗ ಮುಗಿಸುತ್ತೇನೆ.

ಇಂದು ಬಿಡುಗಡೆಯಾಗಬೇಕಾದ ನನ್ನ ಪುಸ್ತಕ ಘಾನಾ, ಟೋಗೊ ದೇಶಗಳ ಎವೆ ಭಾಷೆಯನ್ನು ಕುರಿತದ್ದು. ಅಲ್ಲಿ ಕಕಾರ ಪಕಾರಗಳೆರಡನ್ನೂ ಒಟ್ಟಿಗೇ ಸಿಡಿಸಬೇಕು. ಅದನ್ನು ಹೇಗೋ ಕಲಿತೆ. ಆದರೆ ದನಿಯ ಏರಿಳಿತ? ದನಿ ಏರಿದರೆ ಒಂದು ಅರ್ಥ, ಇಳಿದರೆ ಇನ್ನೊಂದು. ಕರಾವಳಿಯವರ ಏರಿಳಿತವೇ ಬೇರೆ, ಒಳನಾಡಿನವರದೇ ಬೇರೆ. ನನ್ನ ಕಿವಿಗೆ ಮಾತ್ರ ಎಲ್ಲವೂ ಒಂದೇ.

ಸೋತು, ನಲವತ್ತು ಜನರ ಧ್ವನಿಮುದ್ರಣದೊಂದಿಗೆ ನಮ್ಮೂರು ಕುರುಗೋಡಿಗೆ ಮರಳಿದೆ. ನನ್ನ ಅವ್ವ ಹೊನ್ನೂರಮ್ಮ ಮೂವತ್ತು ವರ್ಷ ಕ್ವಾರಿಯಲ್ಲಿ ಕಲ್ಲು ಒಡೆದವಳು. ಸುತ್ತಿಗೆಯಿಂದ ಒಂದೇಟು ಹಾಕಿ, ಸದ್ದು ಕೇಳಿಯೇ ಬಿರುಕು ಎಲ್ಲಿದೆ ಎಂದು ಹೇಳುವವಳು. ನಾನು ಮನೆಯಲ್ಲಿ ಆ ಧ್ವನಿಗಳನ್ನು ಹಾಕಿಕೊಂಡು ಕೂತಿದ್ದರೆ, ಅವಳು ರೊಟ್ಟಿ ಬಡಿಯುತ್ತಲೇ ವಿಂಗಡಿಸತೊಡಗಿದಳು. "ಈಕಿ ಮೊದಲಿನಾಕಿ ಕಡ್ಯಾಕಿ. ಇವ ಬ್ಯಾರೆ ಕಡ್ಯಾವ."

ನಾಲ್ಕೇ ದಿನದಲ್ಲಿ ನಲವತ್ತು ಜನ ಎರಡು ಪಾಲಾದರು. ಯಾರು ಯಾವ ಊರಿನವರು ಎಂಬ ನನ್ನ ಪಟ್ಟಿಯೊಂದಿಗೆ ತಾಳೆ ನೋಡಿದರೆ ಒಬ್ಬಳನ್ನು ಬಿಟ್ಟು ಎಲ್ಲರೂ ಸರಿ. ಕರಾವಳಿಯ ಆ ಹೆಂಗಸನ್ನು ಒಳನಾಡಿಗೆ ಸೇರಿಸಿದ್ದಳು. ತಪ್ಪು ಎಂದೆ.

"ಇಲ್ಲ ಬಿಡು. ಆಕಿನ ಆ ಊರಿಗೆ ಕೊಟ್ಟಾರ. ಕೇಳಿ ನೋಡು."

ಘಾನಾಕ್ಕೆ ಫೋನ್ ಮಾಡಿ ವಿಚಾರಿಸಿದೆ. ಆಕೆ ಒಳನಾಡಿನಿಂದ ಮದುವೆಯಾಗಿ ಬಂದವಳೇ!

"ನಿನಗ ಹೆಂಗ ಗೊತ್ತಾತವ್ವಾ?"

"ನಾನೂ ಆದೋನಿ ಕಡಿಯಿಂದ ಲಗ್ನಾಗಿ ಬಂದಾಕಿ ಅಲ್ಲೇನು? ನನ್ನ ಮಾತಿಗೆ ನಗೋರು ಇನ್ನೂ ಅದಾರ."

ನಕ್ಕವರಲ್ಲಿ ನಾನೂ ಒಬ್ಬಳು. ಶಾಲೆಗೆ ಬಂದರೆ ಬಾಯಿ ಬಿಡಬೇಡ ಎಂದು ಅವಳಿಗೆ ಹೇಳುತ್ತಿದ್ದೆ. ಈ ಪುಸ್ತಕದ ಕೃತಜ್ಞತೆಯ ಪುಟದಲ್ಲಿ ಮಾರ್ಗದರ್ಶಕರಿದ್ದಾರೆ, ವೀಸಾ ಏಜೆಂಟರೂ ಇದ್ದಾರೆ, ಅವ್ವ ಇಲ್ಲ. ಧ್ವನಿಗಳನ್ನು ವಿಂಗಡಿಸಿದವರು ಯಾರು ಎಂಬಲ್ಲಿ "ಲೇಖಕಿ" ಎಂದಿದೆ. ಕಲ್ಲು ಒಡೆಯುವವಳ ಕಿವಿಯನ್ನು ಪಂಡಿತರು ಒಪ್ಪುತ್ತಾರೆಯೇ ಎಂದು ನನಗೆ ನಾನೇ ಕೇಳಿಕೊಂಡೆ. ಅದು ನೆಪ. ನನಗೆ ನಾಚಿಕೆಯಿತ್ತು.

ಅವ್ವ ಮೂರನೇ ಸಾಲಿನಲ್ಲಿ ಕೂತಿದ್ದಾಳೆ. ಅವಳಿಗೆ ಓದು ಬಾರದು, ಯಾರೂ ಹೇಳದಿದ್ದರೆ ತಿಳಿಯುತ್ತಲೂ ಇರಲಿಲ್ಲ.

ಅಧ್ಯಕ್ಷರೇ, ದಯವಿಟ್ಟು ಆ ಪುಸ್ತಕದ ಕಟ್ಟು ಬಿಚ್ಚಬೇಡಿ. ಮುಖಪುಟದಲ್ಲಿ ಉಚ್ಚೆಂಗೆಮ್ಮ ಎಂಬ ನನ್ನ ಹೆಸರಿನ ಪಕ್ಕ ಹೊನ್ನೂರಮ್ಮ ಎಂದು ಅಚ್ಚಾದ ಮೇಲೆ ನಿಮ್ಮನ್ನೆಲ್ಲ ಮತ್ತೆ ಕರೆಯುತ್ತೇನೆ. ಒಗ್ಗಾಣಿಯನ್ನು ಮಾತ್ರ ಇವತ್ತೇ ತಿನ್ನಿ.

ಇಷ್ಟು ಹೊತ್ತು ಕಿವಿಗೊಟ್ಟಿದ್ದಕ್ಕೆ ನಿಮಗೆ ಋಣಿ. ಇನ್ನೊಂದು ಐದು ನಿಮಿಷ ಕಿವಿಗೊಡಿ. ಅವ್ವಾ, ಮ್ಯಾಲೆ ಬಾ. ನೀನು ಮಾತಾಡು. ನಮಸ್ಕಾರ.