ಹತ್ತು ನಿಮಿಷದ ಆಸ್ಪತ್ರೆ

ವೇದಿಕೆಯ ಮೇಲಿರುವ ಅಧ್ಯಕ್ಷರಿಗೆ, ರಾಜಧಾನಿಯಿಂದ ಬಂದಿರುವ ಆರೋಗ್ಯ ಇಲಾಖೆಯ ದೊಡ್ಡ ಸಾಹೇಬರಿಗೆ, ನಮ್ಮ ಡಾಕ್ಟರಿಗೆ, ಬೆಳಿಗ್ಗೆಯಿಂದ ಕುರ್ಚಿ ಬಿಸಿ ಮಾಡಿಕೊಂಡು ಕೂತಿರುವ ಸಭಿಕರೇ, ನಿಮಗೂ ಕೈಮುಗಿಯುತ್ತೇನೆ. ಇವತ್ತು ನನ್ನ ಉಪವಾಸ. ನಾಲ್ಕಕ್ಕೆ ಎದ್ದು ಅಂಗಳ ಗುಡಿಸಿ, ನೀರು ತುಂಬಿ, ಅಕ್ಕನಿಗೆ ಸ್ನಾನ ಮಾಡಿಸಿ, ತಲೆ ಬಾಚಿ, ದೇವರಿಗೆ ದೀಪ ಹಚ್ಚಿ ಬಂದಿದ್ದೇನೆ. ಉಪವಾಸದ ದಿನ ಬಾಯಲ್ಲಿ ಸುಳ್ಳು ಬರಬಾರದು ಎಂದು ನಮ್ಮವ್ವ ಹೇಳುತ್ತಿದ್ದಳು. ನನ್ನ ಈ ಸನ್ಮಾನವನ್ನು ನಾಳೆ ಇಟ್ಟಿದ್ದರೆ ಎಲ್ಲರಿಗೂ ಅನುಕೂಲವಾಗುತ್ತಿತ್ತು.

ನಮ್ಮ ಆಸ್ಪತ್ರೆಗೆ ಪ್ರಶಸ್ತಿ ಯಾಕೆ ಬಂತು? ಇಲ್ಲಿ ಯಾವ ರೋಗಿಯೂ ಹತ್ತು ನಿಮಿಷಕ್ಕಿಂತ ಹೆಚ್ಚು ಕಾಯುವುದಿಲ್ಲ. ಹೊಸ ಆರೋಗ್ಯ ನೀತಿ ಹಾಗೆ ಹೇಳುತ್ತದೆ. ನೀತಿ ಬರುವ ಮುಂಚೆ ಡಾಕ್ಟರು ಒಬ್ಬರೇ ಇದ್ದರು, ಈಗಲೂ ಒಬ್ಬರೇ. ರೋಗಿಗಳು ದಿನಕ್ಕೆ ಇನ್ನೂರು. ಹಾಗಾದರೆ ಪವಾಡ ಮಾಡಿದವರು ಯಾರು? ನಾನು, ಚೀಟಿ ಕೊಡುವವಳು! ಚೀಟಿಗೆ ಗಂಟೆಯ ಮುದ್ರೆ ಬಿದ್ದ ಮೇಲೆ ತಾನೇ ಕಾಯುವ ಲೆಕ್ಕ ಶುರುವಾಗುವುದು? ಡಾಕ್ಟರ ಮುಂದಿನ ಸ್ಟೂಲು ಖಾಲಿಯಾಗುವವರೆಗೆ ಯಾರಿಗೂ ಚೀಟಿ ಕೊಡಬೇಡ ಎಂದು ಅಪ್ಪಣೆಯಾಯಿತು. ಬೆಂಚುಗಳನ್ನೂ ಎತ್ತಿಸಿದರು. ಬೆಂಚಿದ್ದರೆ ತಾನೇ ಜನ ಕಾಯುವುದು! ಗೇಟಿನಾಚೆ ಬಿಸಿಲಲ್ಲಿ ಕೂತವರು ರೋಗಿಗಳಲ್ಲ, ದಾರಿಹೋಕರು. ದಾರಿಹೋಕರು ಕೆಮ್ಮಿದರೆ, ಬಿದ್ದರೆ ನೀತಿಗೇನು ಸಂಬಂಧ?

ನಾನು ಅಪ್ಪಣೆ ಮೀರಿದವಳಲ್ಲ. ಅಕ್ಕ ಬಂದ ದಿನವೂ ಮೀರಲಿಲ್ಲ. ಅವಳು ಬಂದದ್ದು ಏಳು ಐವತ್ತಕ್ಕೆ. ಬಾಯಿ ಕೊಂಚ ವಾರೆಯಾಗಿತ್ತು.

"ಏನೇ, ಒಡಹುಟ್ಟಿದವಳಿಗೂ ಚೀಟಿ ಇಲ್ವೇನೇ?"

"ತಡಿಯೇ ಅಕ್ಕ, ನಿನಗೊಬ್ಬಳಿಗೇ ಕೊಟ್ರೆ ಜನ ನನ್ನ ಸುಮ್ನೆ ಬಿಡ್ತಾರಾ?"

"ಆಯ್ತು ತಾಯಿ, ನಿನ್ನ ದರ್ಬಾರು ನಡೀಲಿ. ಬಲಗೈ ಯಾಕೋ ಜೋಮು ಹಿಡಿದಿದೆ, ಒಂಚೂರು ಬೇಗ ಕರಿ."

ಹನ್ನೊಂದು ನಲವತ್ತಕ್ಕೆ ಕರೆದೆ. ಒಂಬತ್ತೇ ನಿಮಿಷದಲ್ಲಿ ಡಾಕ್ಟರು ನೋಡಿ, ಪಾರ್ಶ್ವವಾಯು ಎಂದು ದೊಡ್ಡಾಸ್ಪತ್ರೆಗೆ ಕಳಿಸಿದರು. ಎಂಥ ಚುರುಕು! ಅಲ್ಲಿನವರು ಗದರಿದರು: "ಇಷ್ಟು ಹೊತ್ತು ಏನ್ ಮಾಡ್ತಿದ್ರಿ? ಬೆಳಿಗ್ಗೇನೇ ಆಸ್ಪತ್ರೆಗೆ ಹೋಗಿದ್ರೆ ಕೈ ಉಳೀತಿತ್ತು." ಬೆಳಿಗ್ಗೆಯೇ ಬಂದಿದ್ದಳು ಎನ್ನಲು ಕಾಗದ ಬೇಕಲ್ಲ? ಚೀಟಿಯಲ್ಲಿ ಹನ್ನೊಂದು ನಲವತ್ತಿದೆ. ಒತ್ತಿದ್ದು ಇದೇ ಕೈ. ಈಗ ದಿನಾ ಅಕ್ಕನ ತಲೆ ಬಾಚುವುದೂ ಇದೇ. ಇರಲಿ, ಅದು ಪ್ರಶಸ್ತಿಯ ವಿಷಯವಲ್ಲ.

ಆರು ತಿಂಗಳ ಹಿಂದೆ ದೊಡ್ಡ ಸಾಹೇಬರಿಗೆ ಅರ್ಜಿ ಬರೆದೆ. ಏಳನೇ ತರಗತಿಯವಳ ಅಕ್ಷರ, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ಅಕ್ಕನ ಚೀಟಿಯಲ್ಲಿ ಏಳು ಐವತ್ತು ಎಂದು ತಿದ್ದಿಕೊಡಿ, ಇನ್ನು ಮೇಲೆ ಗೇಟಿಗೆ ಬಂದ ಕೂಡಲೇ ಮುದ್ರೆ ಒತ್ತಲು ಬಿಡಿ ಎಂದಷ್ಟೇ ಕೇಳಿದ್ದೆ. ಇವತ್ತು ಸಾಹೇಬರ ಗುಮಾಸ್ತರು ಸಿಕ್ಕಿ, "ಉತ್ತರ ರೆಡಿ ಇದೆ ಕಣಮ್ಮ, ಕಾರಲ್ಲೇ ಇದೆ. ಮೊದಲು ಸನ್ಮಾನ ಮುಗೀಲಿ" ಎಂದರು. ಪಾಪ, ಆ ಉತ್ತರಕ್ಕೂ ಯಾರೂ ಚೀಟಿ ಕೊಟ್ಟಿಲ್ಲ.

ಮುಂದಿನ ಸಾಲಿನಲ್ಲಿರುವ ನನ್ನ ಅಕ್ಕ ಚಪ್ಪಾಳೆ ತಟ್ಟಲಿಲ್ಲವೆಂದು ಸಾಹೇಬರು ಬೇಸರಿಸಬಾರದು. ಒಂದೇ ಕೈಯಿಂದ ಚಪ್ಪಾಳೆ ಆಗುವುದಿಲ್ಲ.

ಕರೆದು ಕೂರಿಸಿದ ಎಲ್ಲರಿಗೂ ಧನ್ಯವಾದ, ನಮಸ್ಕಾರ. ಪ್ರಶಸ್ತಿಯ ಫಲಕ ಸದ್ಯಕ್ಕೆ ಮೇಜಿನ ಮೇಲೇ ಇರಲಿ. ನಾನು ಹತ್ತು ನಿಮಿಷ ಈ ಮೈಕಿನ ಮುಂದೆಯೇ ನಿಂತಿರುತ್ತೇನೆ. ಡ್ರೈವರಣ್ಣ, ಕಾರಿನಲ್ಲಿರುವ ನನ್ನ ಉತ್ತರ ತಂದುಕೊಡಪ್ಪ.