ದೇವರ ಹಿಡಿ ಅಕ್ಕಿ

ನಿರಾಶ್ರಿತರ ಶಿಬಿರದಲ್ಲಿ ಅಕ್ಕಿಗೆ ಸಾಲು ನಿಂತಿದ್ದೆವು. ನನ್ನ ಮುಂದೆ ಗಡಿಯಾಚೆಯ ನಮ್ಮ ಚಿನ್ ಬೆಟ್ಟದ ಮೆನ್ ಸುಯಿ, ಅವಳ ಓರಗಿತ್ತಿ ಇಯಾಂಗ್. ಇಯಾಂಗಳ ನಾಲಿಗೆ ಮೊದಲಿನಿಂದಲೂ ಒರಟು.

“ಅನ್ನಕ್ಕಿಡೋ ಮುಂಚೆ ಈಗಲೂ ಚರ್ಚಿಗೆ ಅಂತ ಹಿಡಿ ಅಕ್ಕಿ ತೆಗೆದಿಡ್ತೀಯಂತೆ?”

“ಹೂಂ.”

“ಚರ್ಚೇ ಸುಟ್ಟು ಬೂದಿಯಾಯ್ತು. ಯಾರು ಬಂದು ಒಯ್ತಾರೆ?”

“ಯಾರೂ ಇಲ್ಲ.”

“ಮತ್ತೆ?”

“ಮಗ ಸತ್ತ ಮೇಲೆ ಪ್ರಾರ್ಥನೆ ಬಾಯಿಗೇ ಬರ್ತಿಲ್ಲ ಕಣೆ. ಕೈಯಾದ್ರೂ ಅಷ್ಟು ಮಾಡ್ಲಿ ಅಂತ.”

“ಆ ಅಕ್ಕಿ ಹಾಕೋ ಡಬ್ಬಿ ತುಂಬಿತಾ?”

“ಎಲ್ಲಿ? ಮುಚ್ಚಳ ಇಲ್ಲ. ಇಟ್ಟದ್ದನ್ನ ಇಲಿ ತಿನ್ನುತ್ತೆ.”

“ಆದ್ರೂ ಹಾಕ್ತೀಯಾ?”

“ಹಾಕ್ತೀನಿ.”

ಅವರ ಸರದಿ ಬಂತು. ಚೀಲ ಹೆಗಲಿಗೇರಿಸಿ ಇಬ್ಬರೂ ಹೊರಟರು. ಸ್ವಲ್ಪ ದೂರ ಹೋದ ಮೇಲೆ ಇಯಾಂಗಳ ದನಿ ಕೇಳಿಸಿತು.

“ನಮ್ಮಲ್ಲಿ ಮುಚ್ಚಳ ಇರೋ ಡಬ್ಬಿ ಒಂದಿದೆ. ಬಾ, ತಗೊಂಡು ಹೋಗು.”