ಅಣಬೆ ಸಾರು ಚೆಲ್ಲಿದ ಹುಡುಗಿ

ಹರಿಹರದ ಬಸ್ ಸ್ಟ್ಯಾಂಡಿನಲ್ಲಿ ದಾವಣಗೆರೆ ಬಸ್ಸಿಗೆ ಕಾಯುತ್ತಿದ್ದ ಜವಳಿ ವ್ಯಾಪಾರಿ ಉಜ್ಜನಪ್ಪನವರಿಗೆ ಪಕ್ಕದ ಬೆಂಚಿನ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು. ಸಾರಥಿ ಎಂಬ ಹಳ್ಳಿಯ ಮುದುಕಿ ಇಮಾಂಬೀ ತನ್ನೂರ ಶಾಲೆಯ ಟೀಚರ್ ಶಾಂತಕುಮಾರಿಯನ್ನು ಹಿಡಿದು ಕೂರಿಸಿಕೊಂಡಿದ್ದಳು.

“ಅದೇನು ಪಾಠ ಹೇಳಿದ್ರೋ ಟೀಚರಮ್ಮ, ನನ್ನ ಮೊಮ್ಮಗಳು ಮಾಬೂಬೀ ನಿನ್ನೆ ಒಂದು ಗಡಿಗೆ ಅಣಬೆ ಸಾರನ್ನ ತಿಪ್ಪೆಗೆ ಸುರುವಿದ್ಲು.”

“ಅಣಬೆ ಎಲ್ಲಿಂದ ತಂದಿದ್ರಿ ಅಜ್ಜಿ?”

“ಹೊಲದ ಬದುವಿನಾಗೆ ಎದ್ದಿದ್ವು. ಬೆಳ್ಳಿ ಉಂಗುರ ಹಾಕಿ ಕುದಿಸಿದ್ದೆ. ಉಂಗುರ ಕಪ್ಪಾಗಲಿಲ್ಲ ಅಂದ್ರೆ ವಿಷ ಇಲ್ಲ.”

“ಹಂಗಲ್ಲರಿ. ಜೀವ ತೆಗೆಯೋ ಅಣಬೆ ಜೊತೆ ಕುದಿಸಿದ್ರೂ ಬೆಳ್ಳಿ ಬೆಳ್ಳಗೇ ಇರ್ತೈತೆ.”

“ಮತ್ತೆ ನೀವು ಹೆಂಗೆ ಗುರುತು ಹಿಡೀತೀರಿ?”

“ನನಗೂ ಬರಲ್ಲರಿ. ಅದಕ್ಕೇ ಖಾತ್ರಿ ಇಲ್ಲದ್ದನ್ನ ಬಾಯಿಗೆ ಇಡಬ್ಯಾಡ್ರಿ ಅಂತ ಮಕ್ಕಳಿಗೆ ಹೇಳಿದೆ.”

ಇನ್ನು ಜಗಳವೇ ಎಂದುಕೊಂಡು ಉಜ್ಜನಪ್ಪ ಕೊಂಚ ಆಚೆ ಸರಿದರು. ಆದರೆ ಮುದುಕಿಯ ದನಿ ತಗ್ಗಿತ್ತು.

“ನಮ್ಮಕ್ಕ ಒಂದ್ಸಲ ಅಣಬೆ ತಿಂದು ಮೂರು ದಿನ ವಾಂತಿ ಮಾಡ್ಕೊಂಡು ಸಾಯೋ ಹಂಗಾಗಿದ್ಲು. ದೃಷ್ಟಿ ಆಗೈತೆ ಅಂತ ಮೆಣಸಿನಕಾಯಿ ನಿವಾಳಿಸಿದ್ವಿ. ಅವತ್ತೂ ಉಂಗುರ ಬೆಳ್ಳಗೇ ಇತ್ತು.”

“ಮಾಬೂಬೀಗೆ ಹೊಡೆದ್ರೇನು?”

“ಹೊಡೀಲಿಲ್ಲ, ಬೈದೆ. ಅತ್ಕೊಂಡು ಉಪವಾಸ ಮಲಗಿದ್ಲು.”

ಇಮಾಂಬೀ ಎದ್ದು ಎದುರಿನ ಅಂಗಡಿಗೆ ಹೋಗಿ ಬಿಸಿ ಮಿರ್ಚಿ, ಮಂಡಕ್ಕಿ ಕಟ್ಟಿಸಿಕೊಂಡು ಬಂದಳು. ಅಷ್ಟರಲ್ಲಿ ಸಾರಥಿ ಬಸ್ಸೂ ಬಂತು.

“ಹುಡುಗಿಗೆ ಒಯ್ತಾ ಇದೀನಿ. ಇದರ ಮೇಲೆ ಏನೂ ಪಾಠ ಮಾಡಿಲ್ಲ ತಾನೇ ಟೀಚರಮ್ಮ?”

“ಇಲ್ರಿ ಅಜ್ಜಿ, ಧೈರ್ಯವಾಗಿ ಕೊಡ್ರಿ,” ಎಂದು ಟೀಚರ್ ನಕ್ಕರು. ಪೊಟ್ಟಣವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಮುದುಕಿ ಬಸ್ಸು ಹತ್ತಿದಳು.